ಮಿಂಚೊ ನದಿಯ ಗುರುವಾರಗಳು

ಬಾಸಿಲ್ ಮೊಂತೇರೊ ಟೈಪ್ ಮಾಡಿದ ಪ್ರತಿ ಕಾಗದವೂ ಮೂರಾಗಿ ಹುಟ್ಟುತ್ತಿತ್ತು. ಬಿಳಿ ಹಾಳೆ ಹೋಗಬೇಕಾದಲ್ಲಿಗೆ ಹೋಗುತ್ತಿತ್ತು, ಹಳದಿ ಹಾಳೆ ಆಯಾ ವಿಷಯದ ಫೈಲಿಗೆ, ಗುಲಾಬಿ ಹಾಳೆ ಡೇ ಫೈಲಿಗೆ. ಡೇ ಫೈಲ್ ಎಂದರೆ ಆ ಕಚೇರಿಯಲ್ಲಿ ದಿನವೂ ಟೈಪಾದದ್ದನ್ನೆಲ್ಲ ತಾರೀಕಿನ ಪ್ರಕಾರ ಪೋಣಿಸಿಡುವ ದಪ್ಪ ಕಡತ. ಉಡುಪಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಈ ಪದ್ಧತಿಯನ್ನು ಅವನು 1981ರಲ್ಲಿ ಮಸ್ಕತ್ತಿಗೆ ಬಂದ ಮೊದಲ ವಾರವೇ ಅಲ್ ಖುವೈರ್‌ನ ಆ ಗುತ್ತಿಗೆ ಕಂಪನಿಯಲ್ಲಿ ಜಾರಿಗೆ ತಂದಿದ್ದ. ಮೂಲದಲ್ಲಿ ಒಂದು, ಪ್ರತಿಯಲ್ಲಿ ಇನ್ನೊಂದು ಎಂಬುದು ಆಮೇಲಿನ ಎಂಟು ವರ್ಷಗಳಲ್ಲಿ ಒಮ್ಮೆಯೂ ಆಗಿರಲಿಲ್ಲ. ಪ್ರತಿ ಬುಧವಾರ ಸಂಜೆ ವ್ಯವಸ್ಥಾಪಕರಾದ ಮೇಜರ್ ಕಾಟರೆಲ್ ಡೇ ಫೈಲನ್ನು ಮನೆಗೆ ಒಯ್ಯುತ್ತಿದ್ದರು. ಶನಿವಾರ ಅದು ಮರಳುವಾಗ ಪ್ರತಿ ಗುಲಾಬಿ ಹಾಳೆಯ ಮೂಲೆಯಲ್ಲೂ ಹಸಿರು ಪೆನ್ಸಿಲಿನ ಒಂದು ‘ಸಿ’ ಇರುತ್ತಿತ್ತು.

1989ರ ಅಕ್ಟೋಬರಿನಲ್ಲಿ ಬಾಸಿಲ್‌ಗೆ ಮತ್ರಾದ ಒಂದು ಶಿಪ್ಪಿಂಗ್ ಏಜೆನ್ಸಿಯಿಂದ ಕೆಲಸದ ಪತ್ರ ಬಂತು. ಸಂಬಳ ಹೆಚ್ಚುಕಡಿಮೆ ಅಷ್ಟೇ. ಆದರೆ ಅಲ್ ಅಜೈಬಾದಲ್ಲಿ ಎರಡು ಕೋಣೆಯ ಮನೆ, ಜೊತೆಗೆ ಫ್ಯಾಮಿಲಿ ವೀಸಾ. ಅವನಿಗೆ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು. ಮದುವೆಯ ನಂತರದ ಆರು ತಿಂಗಳು, ಆಮೇಲೆ ಎರಡೆರಡು ತಿಂಗಳ ನಾಲ್ಕು ರಜೆ: ಹೆಂಡತಿ ಕ್ಲೆಮೆಂಟಿನಾಳ ಜೊತೆ ಅವನು ಇದ್ದದ್ದು ಒಟ್ಟು ಹದಿನಾಲ್ಕು ತಿಂಗಳು. ಏಳು ವರ್ಷದ ಮಗಳು ಲೂರ್ಡ್ಸ್ ಅವನನ್ನು ಫೋನಿನ ದನಿಯಲ್ಲೇ ಹೆಚ್ಚು ಬಲ್ಲವಳು. ಏಜೆನ್ಸಿಯವರು ಜನವರಿ 31ರವರೆಗೆ ಕಾಯುವುದಾಗಿ ಬರೆದಿದ್ದರು. ಅಷ್ಟರೊಳಗೆ ಈಗಿನ ಕಂಪನಿ ‘ನಮ್ಮ ಆಕ್ಷೇಪವಿಲ್ಲ’ ಎಂಬ ಎನ್‌ಒಸಿ ಪತ್ರ ಕೊಡಬೇಕು. ಅದಿಲ್ಲದೆ ಹೊಸ ವೀಸಾ ಆಗುವುದಿಲ್ಲ. ಪಾಸ್‌ಪೋರ್ಟಂತೂ ಎಲ್ಲರದ್ದರಂತೆ ಕಂಪನಿಯ ಕಬ್ಬಿಣದ ಕಪಾಟಿನಲ್ಲಿತ್ತು.

ಬಾಸಿಲ್ ಎನ್‌ಒಸಿಯನ್ನು ತಾನೇ ಟೈಪ್ ಮಾಡಿ ಮೇಜರರ ಮುಂದಿಟ್ಟ. ಅವರು ಎರಡು ಸಲ ಓದಿದರು.

“ತಪ್ಪಿಲ್ಲ,” ಎಂದರು. “ಆದರೆ ಮಿಂಚೊ ಮುಗಿಯಲಿ ಬಾಸಿಲ್. ನಮ್ಮಿಬ್ಬರಲ್ಲಿ ಒಬ್ಬರು ಗೆದ್ದ ದಿನ ಸಹಿ ಹಾಕುತ್ತೇನೆ. ಯಾರು ಗೆದ್ದರೂ ಸರಿ.”

ಮಿಂಚೊ ಎಂಬುದು ಇಟಲಿಯ ಉತ್ತರದಲ್ಲಿ ಹರಿಯುವ ಒಂದು ನದಿ. 1814ರ ಫೆಬ್ರವರಿ ಎಂಟರಂದು ಅದರ ಪಶ್ಚಿಮ ದಡದಲ್ಲಿ ನೆಪೋಲಿಯನ್ನನ ಮಲಮಗ ಯುಜೀನನ ಫ್ರೆಂಚ್ ಸೈನ್ಯವಿತ್ತು, ಪೂರ್ವ ದಡದಲ್ಲಿ ಬೆಲ್‌ಗಾರ್ಡ್ ಎಂಬ ಸೇನಾಧಿಪತಿಯ ಆಸ್ಟ್ರಿಯನ್ ಸೈನ್ಯ. ಫ್ರೆಂಚರು ಹಿಂದೆ ಸರಿಯುತ್ತಿದ್ದಾರೆಂದು ನಂಬಿ ಬೆಲ್‌ಗಾರ್ಡ್ ನದಿ ದಾಟಿದ. ಅದೇ ಬೆಳಿಗ್ಗೆ, ಅದೇ ನದಿಯನ್ನು ಬೇರೆ ಜಾಗದಲ್ಲಿ ಯುಜೀನನೂ ದಾಟಿದ. ಪ್ರತಿಯೊಬ್ಬನ ಅರ್ಧ ಸೈನ್ಯ ಎದುರಾಳಿಯ ದಡದಲ್ಲಿ ಸಿಕ್ಕಿಕೊಂಡಿತು. ದಿನವಿಡೀ ಕಾದಾಡಿ, ಸಾವಿರಗಟ್ಟಲೆ ಜನರನ್ನು ಕಳೆದುಕೊಂಡು, ಮರುದಿನದ ಹೊತ್ತಿಗೆ ಇಬ್ಬರೂ ತಂತಮ್ಮ ದಡಕ್ಕೆ ಮರಳಿದ್ದರು. ಇಬ್ಬರೂ ತಾವೇ ಗೆದ್ದೆವೆಂದು ಸಾರಿದರು.

ಮೇಜರ್ ಇದರ ಬಗ್ಗೆ ಒಂದು ಪುಸ್ತಕ ಬರೆಯುತ್ತಿದ್ದರು. ಅದರ ಇನ್ನೂರ ಹನ್ನೆರಡು ಪುಟಗಳನ್ನು ಬಾಸಿಲನೇ ಟೈಪ್ ಮಾಡಿದ್ದ. ಕೊನೆಯ ಅಧ್ಯಾಯ ಮಾತ್ರ ಖಾಲಿ. ಸರಿಯಾಗಿ ಹೋರಾಡಿದ್ದರೆ ಒಬ್ಬರು ಗೆಲ್ಲಲೇಬೇಕಿತ್ತು ಎಂಬುದು ಮೇಜರರ ವಾದ. ಅದನ್ನು ಸಾಧಿಸಲು ಅಲ್ ಅಜೈಬಾದ ತಮ್ಮ ಮನೆಯ ಊಟದ ಕೋಣೆಯಲ್ಲಿ ಹನ್ನೆರಡು ಅಡಿಯ ಮೇಜಿನ ಮೇಲೆ ಪ್ಲಾಸ್ಟರಿನ ಗುಡ್ಡ, ಗಾಜಿನ ಪಟ್ಟಿಯ ನದಿ ಮಾಡಿಸಿ, ಬೆರಳುದ್ದದ ತವರದ ಸೈನಿಕರನ್ನು ಇಟ್ಟುಕೊಂಡಿದ್ದರು. ಮೊದಲು ಅವರ ಜೊತೆ ಆಡುತ್ತಿದ್ದವರು ಇನ್ನೊಬ್ಬ ನಿವೃತ್ತ ಅಧಿಕಾರಿ. 1988ರ ಆರಂಭದಲ್ಲಿ ಅವರು ಇಂಗ್ಲೆಂಡಿಗೆ ಹೊರಟುಹೋದ ಮೇಲೆ ಮೇಜರ್ ಒಂದು ದಿನ, ಡಿಕ್ಟೇಶನ್‌ಗೆ ಕರೆಯುವ ದನಿಯಲ್ಲೇ ಬಾಸಿಲನನ್ನು ಕರೆದರು. ಅಂದಿನಿಂದ ಗುರುವಾರದ ಅರ್ಧ ದಿನದ ಕೆಲಸ ಮುಗಿದೊಡನೆ ಅವನು ಟ್ಯಾಕ್ಸಿ ಹಿಡಿದು ಅಲ್ಲಿಗೆ ಹೋಗಿ ಆಸ್ಟ್ರಿಯನ್ ಸೇನಾಧಿಪತಿಯಾಗುತ್ತಿದ್ದ.

ಆಟದ ನಿಯಮ ಸರಳವಾಗಿತ್ತು. ಇಬ್ಬರೂ ಸೈನ್ಯಕ್ಕೆ ಕೊಡುವ ಆದೇಶವನ್ನು ಮೊದಲೇ ಬರೆದು ಲಕೋಟೆಯಲ್ಲಿಟ್ಟು ತರಬೇಕು. ಎರಡು ಗಂಟೆಗೆ ಮೇಜಿನ ಮುಂದೆ ಎರಡೂ ಲಕೋಟೆಗಳನ್ನು ಒಟ್ಟಿಗೆ ಒಡೆಯಬೇಕು. ಒಡೆದ ಮೇಲೆ ಮೊದಲ ಆರು ಸುತ್ತು ಆದೇಶವನ್ನು ಬದಲಿಸುವ ಹಾಗಿಲ್ಲ. ಬಾಸಿಲ್ ಬುಧವಾರ ಕೆಲಸ ಮುಗಿಸಿದ ಮೇಲೆ ಕಚೇರಿಯ ಮೆಷಿನ್ನಿನಲ್ಲೇ ಆದೇಶ ಟೈಪ್ ಮಾಡುತ್ತಿದ್ದ.

ಅಕ್ಟೋಬರಿನ ಆ ಮಾತಿನ ಮೇಲೆ ಅವನು ಆಟವನ್ನು ಪರೀಕ್ಷೆಗೆ ಕೂತವನಂತೆ ಆಡತೊಡಗಿದ. ಬೊರ್ಗೆತ್ತೊ ಸೇತುವೆಯಲ್ಲಿ ದಾಟಿದ, ಪೊಟ್ಸೊಲೊ ಎಂಬಲ್ಲಿ ದೋಣಿ ಸೇತುವೆ ಕಟ್ಟಿ ದಾಟಿದ, ಎರಡೂ ಕಡೆ ಹಂಚಿ ದಾಟಿದ. ಎಲ್ಲಿ ದಾಟಿದರೂ ಎದುರಿಗೆ ಅವನನ್ನು ತಡೆಯಲು ಬೇಕಾದಷ್ಟೇ ಫ್ರೆಂಚರಿರುತ್ತಿದ್ದರು. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಉಳಿದ ಫ್ರೆಂಚರು ಅಷ್ಟರಲ್ಲಿ ಇನ್ನೊಂದು ಕಡೆ ನದಿ ದಾಟಿರುತ್ತಿದ್ದರು, ಅವನು ಉತ್ತರದ ಬೊರ್ಗೆತ್ತೊದಲ್ಲಿ ದಾಟಿದರೆ ಅವರು ದಕ್ಷಿಣದ ಗೊಯಿತೊದಲ್ಲಿ. ಸೂರ್ಯ ಇಳಿಯುವ ಹೊತ್ತಿಗೆ ಎರಡು ಸೈನ್ಯಗಳೂ ಹೊರಟಲ್ಲಿಗೇ ಬಂದಿರುತ್ತಿದ್ದವು. ಮೇಜರ್ ತಾವೇ ಚಹಾ ಬಗ್ಗಿಸಿ, “ಮುಂದಿನ ವಾರ ನೋಡೋಣ,” ಎನ್ನುತ್ತಿದ್ದರು. ಹದಿಮೂರು ಗುರುವಾರ ಹೀಗೆ ಹೋದವು. ಊರಿನಲ್ಲಿ ಕ್ಲೆಮೆಂಟಿನಾ ಮಗಳ ಕಾನ್ವೆಂಟ್ ಶಾಲೆಯಲ್ಲಿ ಟಿಸಿಗೆ ಅರ್ಜಿ ಹಾಕಿದ್ದಳು.

ಜನವರಿಯ ಮೂರನೇ ವಾರ, ಸ್ಟೋರ್ ನೋಡಿಕೊಳ್ಳುತ್ತಿದ್ದ ಭೋಜರಾಜ ಟೈಪಿಂಗ್ ಕೋಣೆಗೆ ಬಂದ. ಅವನು ಕಾಪುವಿನ ಕಡೆಯವನು, ಬಾಸಿಲನ ರೂಮ್‌ಮೇಟ್ ಕೂಡ. ಡಿಸೆಂಬರಿನಲ್ಲಿ ಪಂಪಿನ ಬಗ್ಗೆ ಕಳುಹಿಸಿದ್ದ ಒಂದು ಪತ್ರದ ಪ್ರತಿ ಅವನಿಗೆ ಬೇಕಿತ್ತು. ಹಳದಿ ಪ್ರತಿಯನ್ನು ಸೈಟಿನವರು ಒಯ್ದಿದ್ದರು. ಬಾಸಿಲ್ ಡಿಸೆಂಬರಿನ ಡೇ ಫೈಲನ್ನು ಇಳಿಸಿ ಮಗುಚುತ್ತ ಹೋದ. ಪೋಣಿಸುವುದು ಅವನ ಕೆಲಸ, ತಿರುಗಿ ಓದುವ ಪ್ರಮೇಯ ಅವನಿಗೆ ಅಪರೂಪ. ಪಂಪಿನ ಪತ್ರದ ಹಿಂದಿನ ಹಾಳೆಯ ಮೇಲೆ ಅವನ ಕೈ ನಿಂತಿತು.

‘ಆಸ್ಟ್ರಿಯನ್ ಸೈನ್ಯಕ್ಕೆ ಆದೇಶ. ಮುಖ್ಯ ಪಡೆ ಬೆಳಿಗ್ಗೆ ಪೊಟ್ಸೊಲೊದಲ್ಲಿ ನದಿ ದಾಟುವುದು.’ ಮೂಲೆಯಲ್ಲಿ ಹಸಿರು ‘ಸಿ’.

ಅವನು ನವೆಂಬರಿನ ಫೈಲನ್ನು ಇಳಿಸಿದ, ಆಮೇಲೆ ಅಕ್ಟೋಬರಿನದ್ದನ್ನು, ಆಮೇಲೆ ಉಳಿದವನ್ನೆಲ್ಲ. ಬಿಳಿ ಹಾಳೆಯನ್ನು ಲಕೋಟೆಗೆ ಹಾಕುತ್ತಿದ್ದ, ಹಳದಿಯನ್ನು ತನ್ನ ಜೇಬಿಗೆ. ಗುಲಾಬಿಯನ್ನು ಮಾತ್ರ ಬುದ್ಧಿಯನ್ನು ಕೇಳದೆಯೇ ಕೈ ಕೊಂಡೊಯ್ದು ಡೇ ಫೈಲಿಗೆ ಪೋಣಿಸುತ್ತಿತ್ತು. ಎರಡು ವರ್ಷಗಳ ಎಪ್ಪತ್ತೊಂದು ಹಾಳೆ. ಎಪ್ಪತ್ತೊಂದರ ಮೇಲೂ ಹಸಿರು ಗುರುತು.

“ಎಂತ ಮಾರಾಯಾ, ಪಂಪ್ ಸಿಕ್ಕಿದ್ದಾ, ದೆವ್ವ ಸಿಕ್ಕಿದ್ದಾ? ಮುಖ ಹಾಗೆ ಉಂಟು,” ಎಂದ ಭೋಜರಾಜ.

ಬಾಸಿಲ್ ಹಾಳೆ ತೋರಿಸಿದ. ಭೋಜರಾಜ ಓದಿ, ಇನ್ನೊಂದು ಓದಿ, ಕುರ್ಚಿ ಎಳೆದು ಕೂತ.

“ಅಂದ್ರೆ ನೀನು ಎಲ್ಲಿ ದಾಟ್ತಿ ಅಂತ ಅವರಿಗೆ ಮುಂಚಿನ ದಿನವೇ ಗೊತ್ತುಂಟು.”

“ಗೊತ್ತುಂಟು.”

“ಹೇಳಿದ್ದು ಯಾರು? ನೀನೇ.”

“ನಾನೇ.”

“ಶತ್ರುವಿಗೆ ವಾರ ವಾರ ಕಾರ್ಬನ್ ಕಾಪಿ ಕಳಿಸುವ ಜನರಲ್ ನೀನೊಬ್ಬನೇ ಇರ್ಬೇಕು. ಅದೂ ಓವರ್‌ಟೈಮ್ ಇಲ್ಲದೆ.”

ಬಾಸಿಲ್ ನಗಲಿಲ್ಲ. “ಅದಲ್ಲ ವಿಷಯ. ಎಲ್ಲ ಗೊತ್ತಿದ್ದೂ ಅವರು ಒಂದು ಸಲವೂ ಗೆಲ್ಲಲಿಲ್ಲ. ಯಾಕೆ?”

ಭೋಜರಾಜ ತಲೆ ಕೆರೆದುಕೊಂಡ. “ಗೆದ್ರೂ ಸಹಿ ಹಾಕ್ಬೇಕು ಅಂತ ಅವರೇ ಹೇಳಿದ್ದಲ್ಲವಾ? ನೀನು ಗೆಲ್ಲಬಾರ್ದು, ಅವರೂ ಗೆಲ್ಲಬಾರ್ದು. ನೀನು ಇಲ್ಲೇ ಇರ್ಬೇಕು, ಅಷ್ಟೇ.”

ಬಾಸಿಲ್ ಫೈಲುಗಳನ್ನು ತಿಂಗಳ ಪ್ರಕಾರ ಮತ್ತೆ ಜೋಡಿಸತೊಡಗಿದ.

“ಒಂದು ಕೆಲಸ ಮಾಡು,” ಎಂದ ಭೋಜರಾಜ. “ಬಿಳಿಯಲ್ಲಿ ಒಂದು ಬರಿ, ಗುಲಾಬಿಯಲ್ಲಿ ಇನ್ನೊಂದು ಬರಿ.”

“ಅದು ಸುಳ್ಳು ಪ್ರತಿ ಆಗ್ತದೆ.”

“ಅವರು ಕದ್ದು ಓದಿದ್ದು ಸತ್ಯವಂತರ ಕೆಲಸವಾ?”

“ಕದ್ದದ್ದಲ್ಲ. ನಾನೇ ಕೊಟ್ಟದ್ದು.”

“ಹಾಗಾದ್ರೆ ಕೂತ್ಕೊ ಇಲ್ಲೇ, ರೋಮಿನ ಪೋಪಣ್ಣ. ನಿನ್ನ ಮಗಳ ಮದುವೆಗೂ ಮೂರು ಪ್ರತಿ ಕಾಗದ ಕಳಿಸು,” ಎಂದು ಭೋಜರಾಜ ಪಂಪಿನ ಪತ್ರ ಹಿಡಿದು ಎದ್ದುಹೋದ.

ಜನವರಿ 24ರ ಬುಧವಾರ ಬಾಸಿಲ್ ಮೊದಲು ಒಂದು ಗುಲಾಬಿ ಹಾಳೆಯನ್ನು ಒಂಟಿಯಾಗಿ ಮೆಷಿನ್ನಿಗೆ ಏರಿಸಿದ. ‘ಇಡೀ ಸೈನ್ಯ ಬೆಳಿಗ್ಗೆ ಬೊರ್ಗೆತ್ತೊದಲ್ಲಿ ನದಿ ದಾಟುವುದು.’ ಕಾರ್ಬನ್ನಿನ ಮಸುಕು ಇಲ್ಲದೆ ಅಕ್ಷರಗಳು ಎದ್ದು ಕಂಡವು. ಅದನ್ನು ಹರಿದು, ಒಂದು ಖಾಲಿ ಹಾಳೆಯ ಕೆಳಗೆ ಕಾರ್ಬನ್, ಅದರ ಕೆಳಗೆ ಹೊಸ ಗುಲಾಬಿ ಹಾಳೆ ಇಟ್ಟು ಮತ್ತೆ ಮಾಡಿದ. ಮಾಡುವುದಾದರೆ ಸುಳ್ಳನ್ನೂ ನೆಟ್ಟಗೆ ಮಾಡಬೇಕು. ಆಮೇಲೆ ಬಿಳಿ ಹಾಳೆಯಲ್ಲಿ ಬರೆದ: ‘ಯಾರೂ ನದಿ ದಾಟಕೂಡದು. ಇಡೀ ಸೈನ್ಯ ಪೂರ್ವ ದಡದಲ್ಲೇ, ಗೊಯಿತೊ ಸೇತುವೆಯ ಎದುರಿನ ಗುಡ್ಡಗಳ ಹಿಂದೆ ಕಾಯುವುದು.’ ಐದು ಗಂಟೆಗೆ ಮೇಜರ್ ಡೇ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಬಾಸಿಲ್ ಎಂದಿನಂತೆ ಬಾಗಿಲು ಹಿಡಿದು ನಿಂತ.

ಮರುದಿನ ಎರಡು ಗಂಟೆಗೆ ಲಕೋಟೆ ಒಡೆದರು. ಮೇಜರ್ ಬಿಳಿ ಹಾಳೆಯನ್ನು ಓದಿ ಕನ್ನಡಕ ತೆಗೆದರು, ಒರೆಸಿ ಮತ್ತೆ ಹಾಕಿಕೊಂಡರು. ಏನೋ ಹೇಳಲು ಬಾಯಿ ತೆರೆದು ಮುಚ್ಚಿದರು. ಹೇಳುವುದಾದರೆ ತಾವು ಇನ್ನೊಂದನ್ನು ಓದಿದ್ದೆವೆಂದೇ ಹೇಳಬೇಕು. ಆಸ್ಟ್ರಿಯನ್ನರು ಉತ್ತರದಲ್ಲಿ ದಾಟುತ್ತಾರೆಂದು ನಂಬಿ ಅವರು ತಮ್ಮ ಮುಕ್ಕಾಲು ಸೈನ್ಯವನ್ನು ದಕ್ಷಿಣದ ಗೊಯಿತೊ ಸೇತುವೆಯಿಂದ ಆಚೆ ಕಳಿಸುವ ಆದೇಶ ಬರೆದು ತಂದಿದ್ದರು. ಆರು ಸುತ್ತು ಅದನ್ನು ಬದಲಿಸುವ ಹಾಗಿಲ್ಲ.

ತಮ್ಮ ಕೈಯಿಂದಲೇ ಅವರು ನೀಲಿ ಅಂಗಿಯ ಫ್ರೆಂಚ್ ಪಡೆಗಳನ್ನು ಒಂದೊಂದಾಗಿ ಸೇತುವೆ ದಾಟಿಸಿದರು. ಗುಡ್ಡದ ಹಿಂದಿನಿಂದ ಬಿಳಿ ಅಂಗಿಯ ಆಸ್ಟ್ರಿಯನ್ನರು ಇಳಿದು ಬಂದರು. ನಾಲ್ಕು ಗಂಟೆಗೆ ಸೇತುವೆ ಬಾಸಿಲನ ಕೈಯಲ್ಲಿತ್ತು, ಫ್ರೆಂಚರ ಬೆನ್ನಿಗೆ ಗಾಜಿನ ನದಿ. ಮುಂದೆ ಹೋಗಲಿಕ್ಕಿಲ್ಲ, ಹಿಂದೆ ಬರಲಿಕ್ಕಿಲ್ಲ. ಬಾಸಿಲ್ ಕೈ ಹಿಂದಕ್ಕೆ ಕಟ್ಟಿ ನಿಂತ. ಸಂತೋಷವಾಗಬೇಕಿತ್ತು. ಅವನಿಗೆ ಆ ನೀಲಿ ಸೈನಿಕರ ಗುಂಪನ್ನು ನೋಡುವುದೇ ಕಷ್ಟವಾಯಿತು.

“ನಾನು ಸೋತೆ,” ಎಂದರು ಮೇಜರ್. ಸ್ವಲ್ಪ ತಡೆದು, “ಗುಲಾಬಿ ಹಾಳೆಯಲ್ಲಿ ಬೊರ್ಗೆತ್ತೊ ಎಂದಿತ್ತು,” ಎಂದರು.

“ಹೌದು ಸರ್. ಗುಲಾಬಿ ಹಾಳೆ ತಪ್ಪು.”

ಮೇಜರ್ ಪೆನ್ನು ತೆಗೆದರು. ಅಕ್ಟೋಬರಿನಲ್ಲಿ ಟೈಪಾದ ಎನ್‌ಒಸಿಯನ್ನು ಬಾಸಿಲ್ ಜೇಬಿನಲ್ಲೇ ಇಟ್ಟುಕೊಂಡು ಬಂದಿದ್ದ, ತಾರೀಕಿನ ಜಾಗ ಮಾತ್ರ ಖಾಲಿ. ಅವರು ‘25 ಜನವರಿ 1990’ ಎಂದು ಬರೆದು ಸಹಿ ಹಾಕಿದರು. ಕೈಕುಲುಕಿದರು. ಆ ಸಂಜೆ ಚಹಾ ಬರಲಿಲ್ಲ.

ಶನಿವಾರ ಬೆಳಿಗ್ಗೆ ಬಾಸಿಲ್ ಪತ್ರವನ್ನು ರಹ್ಮತ್‌ಗೆ ಕೊಟ್ಟ. ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವ ಕೆಲಸ ರಹ್ಮತ್‌ನದ್ದು. ಇಪ್ಪತ್ತು ವರ್ಷದಿಂದ ಕೌಂಟರುಗಳ ಮುಂದೆ ನಿಂತು ಸವೆದ ಬಲೂಚಿ ಮನುಷ್ಯ. ಅವನು ಪತ್ರ ಓದುವ ಮೊದಲು ಸಹಿಯನ್ನೇ ನೋಡಿದ.

“ಬಾಸಿಲ್ ಭಾಯ್, ಇದು ನಡೆಯೂದಿಲ್ಲ.”

“ಯಾಕೆ?”

“ಜನವರಿ ಒಂದರಿಂದ ಮೇಜರರ ಸಹಿ ಖಲಾಸ್. ಈಗ ಸಹಿ ಸಯೀದರದ್ದು. ಮಿನಿಸ್ಟ್ರಿಗೆ ಮಾದರಿ ಸಹಿ ಒಯ್ದು ಕೊಟ್ಟವನೇ ನಾನು.” ರಹ್ಮತ್ ಅವನ ಮುಖ ನೋಡಿದ. “ನಿಮಗೆ ಗೊತ್ತಿಲ್ವಾ? ಅವರ ಕಾಗದವೆಲ್ಲ ಮಾಡೂದು ನೀವೇ ಅಲ್ವಾ?”

ಆ ಒಂದು ಕಾಗದ ಅರಬಿಯಲ್ಲಿತ್ತು, ಕಫೀಲ್‌ನ, ಎಂದರೆ ಕಂಪನಿಯ ಒಮಾನಿ ಪ್ರಾಯೋಜಕನ ಕಚೇರಿಯಲ್ಲಿ ಟೈಪಾಗಿತ್ತು. ಹೊಸ ವರ್ಷದಿಂದ ಪಕ್ಕದ ಕೋಣೆಯಲ್ಲಿ ಕೂರುತ್ತಿದ್ದ ಸಯೀದ್ ಎಂಬ ಯುವಕ ತರಬೇತಿಗೆ ಬಂದವನೆಂದು ಬಾಸಿಲ್ ತಿಳಿದಿದ್ದ. ಮೇಜರ್ ಹಾಗೆಯೇ ಹೇಳಿದ್ದರು.

ಅವನು ಮೇಜರರ ಕೋಣೆಗೆ ಹೋಗಿ ಬಾಗಿಲು ಮುಚ್ಚಿದ. ಎಂಟು ವರ್ಷಗಳಲ್ಲಿ ಕರೆಯದೆ ಆ ಬಾಗಿಲು ತೆರೆದದ್ದು ಅದೇ ಮೊದಲು.

“ನಿಮಗೆ ಗೊತ್ತಿತ್ತು, ಸರ್.”

“ಡಿಸೆಂಬರ್ ಹನ್ನೆರಡರಂದು ತಿಳಿಸಿದರು. ಮಾರ್ಚ್ ಕೊನೆಗೆ ನಾನು ಹೋಗಬೇಕು.”

“ಅಕ್ಟೋಬರಿನಲ್ಲಿ ನಿಮ್ಮ ಸಹಿ ನಡೆಯುತ್ತಿತ್ತು.”

“ನಡೆಯುತ್ತಿತ್ತು.”

“ಮತ್ತೆ?”

ಮೇಜರ್ ಕಿಟಕಿಯಾಚೆ ಹೆದ್ದಾರಿಯ ಕಡೆ ನೋಡಿದರು. “ವಾರಕ್ಕೊಮ್ಮೆ ಆ ಮನೆಯ ಗೇಟು ತೆರೆಯುವವನು ನೀನೊಬ್ಬನೇ,” ಎಂದರು. ಆಮೇಲೆ ಬೇಗಬೇಗನೆ ಹೇಳಿದರು, “ಇದನ್ನು ಸರಿಮಾಡಬಹುದು. ಹೊಸದಾಗಿ ಟೈಪ್ ಮಾಡು. ಡಿಸೆಂಬರಿನ ತಾರೀಕು ಹಾಕು, ನಾನು ಸಹಿ ಮಾಡುತ್ತೇನೆ. ನೀನು ಈಗಾಗಲೇ ಒಂದು ಸುಳ್ಳು ಮಾಡಿದ್ದೀಯ.”

ಬಾಸಿಲ್ ತನ್ನ ಕೋಣೆಗೆ ಬಂದು ಹಾಳೆ ಏರಿಸಿದ. ಲೆಟರ್‌ಹೆಡ್ಡಿನ ಕೆಳಗೆ ತಾರೀಕಿನ ಜಾಗಕ್ಕೆ ಬಂದು ಬೆರಳು ನಿಂತಿತು. ಮೊನ್ನೆ ಮಾಡಿದ ಸುಳ್ಳು ಒಂದು ಮೇಜಿನ ಮೇಲಿನದು, ಅದರಿಂದ ಬಿದ್ದದ್ದು ತವರದ ಸೈನಿಕರು. ಈ ಕಾಗದವನ್ನು ಮಿನಿಸ್ಟ್ರಿಯ ಕೌಂಟರಿಗೆ ಒಯ್ಯುವವನು ರಹ್ಮತ್. ಹೊಸ ಸಹಿಯ ಮಾದರಿ ಕೊಟ್ಟ ಅದೇ ಕೌಂಟರಿಗೆ, ಅದೇ ಗುಮಾಸ್ತನ ಮುಂದೆ, ಹಳೇ ಸಹಿಯ ಪತ್ರ ಹಿಡಿದು ನಿಲ್ಲಬೇಕಾದವನು ಅವನು. ಸಿಕ್ಕಿಬಿದ್ದರೆ ಮೊದಲು ಹೋಗುವುದು ಅವನ ಕೆಲಸ. ಕಾಲು ಗಂಟೆ ಕೂತ ಮೇಲೆ ಬಾಸಿಲ್ ಹಾಳೆಯನ್ನು ಹೊರಗೆಳೆದ.

ಭಾನುವಾರ ಅವನು ಸಯೀದರ ಎದುರು ನಿಂತ. ಸಯೀದ್ ಅವನನ್ನು ಕೂರಿಸಿ, ಅರಬರ ಕಾಫಿಯಾದ ಕಾವಾ ತರಿಸಿ, ಇಡೀ ವಿಷಯವನ್ನು ತಾಳ್ಮೆಯಿಂದ ಕೇಳಿದರು. ಮಿಂಚೊ ನದಿಯ ಸುದ್ದಿಯನ್ನು ಬಾಸಿಲ್ ಎತ್ತಲಿಲ್ಲ.

“ಮಿಸ್ಟರ್ ಬಾಸಿಲ್, ನೀವು ಅಕ್ಟೋಬರಿನಲ್ಲೇ ಹೋಗಿದ್ದರೆ ನನಗೆ ಗೊತ್ತೂ ಆಗುತ್ತಿರಲಿಲ್ಲ,” ಎಂದರು. “ಈಗ ಮೇಜರ್ ಹೋಗುತ್ತಾರೆ. ನೀವೂ ಹೋದರೆ ಯಾವ ಕಾಗದ ಎಲ್ಲಿದೆ ಎಂದು ನನಗೆ ಯಾರು ಹೇಳಬೇಕು? ಈ ಫೈಲುಗಳನ್ನು ನೋಡಿದೆ. ಇಷ್ಟು ಚೆನ್ನಾಗಿ ಇಟ್ಟವರನ್ನು ನಾನು ಕಂಡಿಲ್ಲ. ಒಂದು ವರ್ಷ ಇರಿ. ಆಮೇಲೆ ನೋಡೋಣ.”

“ಒಂದು ವರ್ಷ ಅಂತ ಬರೆದು ಕೊಡುತ್ತೀರಾ, ಸರ್?”

ಸಯೀದ್ ನಕ್ಕರು. “ನನ್ನ ಮಾತೇ ಸಾಕಲ್ಲ,” ಎಂದರು.

ಆ ಸಂಜೆ ಫೋನ್ ಬೂತಿನ ಮುಂದೆ ಆರು ಜನರ ಸಾಲಿತ್ತು. ಊರಿನ ಮನೆಯಲ್ಲಿ ಫೋನಿಲ್ಲದ್ದರಿಂದ ಕ್ಲೆಮೆಂಟಿನಾ ಪ್ರತಿ ಭಾನುವಾರ ಪಕ್ಕದ ವಸಂತಿಯಕ್ಕನ ಮನೆಗೆ ಬಂದು ಕಾಯುತ್ತಿದ್ದಳು. ಮೊದಲ ರಿಂಗಿಗೇ ಎತ್ತಿದಳು.

“ಸಹಿ ಆಯ್ತಾ?”

“ಆಯ್ತು. ಆದರೆ ನಡೆಯೂದಿಲ್ಲ ಅಂತೆ.” ಅವನು ಎಲ್ಲವನ್ನೂ ಹೇಳಿದ. ದುಡ್ಡು ಉಳಿಸಲು ಬೇಗ ಹೇಳಿದ, ತಾನು ಮಾಡಿದ್ದನ್ನೂ ಮುಚ್ಚಿಡಲಿಲ್ಲ, ಯಾರನ್ನೂ ಬೈಯಲಿಲ್ಲ.

“ಡಿಸೆಂಬರ್ ಅಂತ ಹಾಕಿಬಿಡ್ಬೇಕಿತ್ತು,” ಎಂದಳು ಕ್ಲೆಮೆಂಟಿನಾ.

“ರಹ್ಮತ್ ಸಿಕ್ಕಿಬೀಳ್ತಿದ್ದ.”

“ಹೌದು. ಗೊತ್ತಾಯ್ತು. ಆದ್ರೂ ಹೇಳಿದೆ.” ಅವಳ ಉಸಿರು ಕೇಳಿಸಿತು. “ಮೊನ್ನೆ ಟಿಸಿ ತಗೊಂಡೆ. ನಾಳೆ ಹೋಗಿ ವಾಪಸ್ ಕೊಡ್ತೇನೆ.”

“ಸಿಸ್ಟರ್ ತಗೊಳ್ತಾರಾ?”

“ತಗೊಳ್ಳದೆ ಎಂತ ಮಾಡ್ತಾರೆ? ಅವಳೇನು ಒಂದು ವರ್ಷ ಮನೆಯಲ್ಲಿ ಕೂತ್ಕೊಳ್ತಾಳಾ?” ಎಂದಳು. “ನೀವು ಊಟ ಸರಿ ಮಾಡಿ. ಇಡ್ತೇನೆ.”

ಸೋಮವಾರ ಏಳೂವರೆಗೆ ಸಯೀದ್ ಅವನನ್ನು ಡಿಕ್ಟೇಶನ್‌ಗೆ ಕರೆದರು. ಮೊದಲ ಪತ್ರ ಮತ್ರಾದ ಶಿಪ್ಪಿಂಗ್ ಏಜೆನ್ಸಿಗೆ. ಶ್ರೀ ಬಾಸಿಲ್ ಮೊಂತೇರೊ ಅವರ ಸೇವೆ ನಮ್ಮ ಕಂಪನಿಗೆ ಅಗತ್ಯವಿರುವುದರಿಂದ ಸದ್ಯಕ್ಕೆ ಅವರನ್ನು ಬಿಡುಗಡೆ ಮಾಡಲು ಸಾಧ್ಯವಾಗದು, ವಿಷಾದಿಸುತ್ತೇವೆ. ಬಾಸಿಲ್ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡ.

“ನಿಮ್ಮ ಹೆಸರಿನ ಸ್ಪೆಲಿಂಗ್ ನೀವೇ ನೋಡಿಕೊಳ್ಳಿ,” ಎಂದರು ಸಯೀದ್.

ಬಾಸಿಲ್ ಮೆಷಿನ್ನಿನ ಮುಂದೆ ಕೂತು ತಾರೀಕು ಹಾಕಿದ, ವಿಳಾಸ ಹಾಕಿದ. ಹೊರಗೆ ಹೆದ್ದಾರಿಯಲ್ಲಿ ಬೆಳಗಿನ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಪತ್ರ ನಾಲ್ಕು ಸಾಲಿನದು, ಐದು ನಿಮಿಷದಲ್ಲಿ ಮುಗಿಯಿತು. ತಿದ್ದುವಂಥದ್ದೇನೂ ಇರಲಿಲ್ಲ. ಅವನು ಅದನ್ನು ಸಹಿಗೆ ಒಯ್ದ.